ತಣ್ಣಗಿದ್ದಾಗ ನೋಡಬೇಕಾದ ಗೆರೆ

ಸ್ವೀಡನ್ನಿನಲ್ಲಿ ನೆಲೆಸಿದ ಕನ್ನಡದ ಗೆಳೆಯರು ಹಳೆಯ ಕ್ಯಾರವಾನ್ ಕೊಳ್ಳುವಾಗ ನನ್ನನ್ನೂ ಕರೆಯುವುದುಂಟು. ಒಳಗೆ ಕಾಲಿಟ್ಟವನೇ ನಾನು ಬಟ್ಟೆ ಬೀರುವಿನ ಬಾಗಿಲು ತೆಗೆಯುತ್ತೇನೆ. ಹಾಸಿಗೆಯ ಮೆದು, ಒಲೆಯ ಬರ್ನರ್, ಸೋಫಾದ ಬಣ್ಣ ಎಲ್ಲ ಆಮೇಲೆ. ಬಿಸಿ ದ್ರವ ಸುತ್ತುವ ಹೀಟರ್ ಇರುವ ಬಹುಪಾಲು ಗಾಡಿಗಳಲ್ಲಿ ಆ ಬೀರುವಿನ ಮೂಲೆಯಲ್ಲಿ, ತೂಗುಹಾಕಿದ ಕೋಟುಗಳ ಹಿಂದೆ, ಮಸುಕು ಬಿಳಿ ಪ್ಲಾಸ್ಟಿಕ್ಕಿನ ಸಣ್ಣ ಟ್ಯಾಂಕ್ ಇರುತ್ತದೆ. ಅದರ ಮೈಮೇಲೆ ಎರಡು ಗೆರೆ: ಕೆಳಗಿನದು ಕನಿಷ್ಠ, ಮೇಲಿನದು ಗರಿಷ್ಠ. ದ್ರವ ಯಾವ ಗೆರೆಯ ಹತ್ತಿರ ನಿಂತಿದೆ, ಅದರ ಬಣ್ಣ ತಿಳಿಯೋ ಕದಡಿದೆಯೋ ಎಂದು ನೋಡಿದರೆ ಸಾಕು, ಹಿಂದಿನ ಮಾಲೀಕರು ಗಾಡಿಯನ್ನು ಹೇಗೆ ನೋಡಿಕೊಂಡಿದ್ದರು ಎಂಬುದು ಅರ್ಧ ತಿಳಿಯುತ್ತದೆ.

ಯುರೋಪಿನ ಕ್ಯಾರವಾನುಗಳಲ್ಲಿ ಬಿಸಿಗಾಳಿ ಊದುವ ಹೀಟರುಗಳು ಬಹಳ. ಹಗುರ, ಅಗ್ಗ, ಬೇಗ ಬಿಸಿ. ಆದರೆ ಹಿಮವನ್ನೇ ಹುಡುಕಿಕೊಂಡು ಹೋಗುವವರಿಗೆ ಪೈಪಿನಲ್ಲಿ ಬಿಸಿ ದ್ರವ ಸುತ್ತುವ ವ್ಯವಸ್ಥೆಯೇ ಇಷ್ಟ. ನನ್ನ ಮತವೂ ಅದಕ್ಕೇ. ಇದರಲ್ಲಿ ದೊಡ್ಡ ಹೆಸರು ಆಲ್ಡೆ. ದಕ್ಷಿಣ ಸ್ವೀಡನ್ನಿನ ಸ್ಕೋನೆ ಪ್ರಾಂತ್ಯದ ಫೇರ್ಲೋವ್ ಎಂಬ ಊರಿನ ಕಂಪನಿ ಅದು. ತೆನ್‌ಹುಲ್ಟ್‌ನಲ್ಲಿ ತಯಾರಾಗುವ ಕಾಬೆ, ಉತ್ತರದ ದೊರೊತೇಯದ ಪೋಲಾರ್ ಗಾಡಿಗಳಲ್ಲಿ ಅದರ ಬಾಯ್ಲರನ್ನು ಕಾಣಬಹುದು. ಅಟ್ಲಾಂಟಿಕ್ ದಾಟಿದರೆ ಒಹಾಯೊದ ನ್ಯೂಕ್ಯಾಂಪ್ ಕಂಪನಿಯ ಟ್ಯಾಬ್ ಎಂಬ ಕೆಲವು ಪುಟ್ಟ ಟ್ರೇಲರುಗಳಲ್ಲೂ ಅದೇ ಬಾಯ್ಲರ್ ಇದೆ. ಅಮೆರಿಕದ ಓದುಗರಿಗೂ ಇಂದಿನ ಮಾತು ಅನ್ವಯಿಸುವುದು ಅದಕ್ಕೇ.

ಆಲ್ಡೆಯ ಬಾಯ್ಲರ್ ಎಂದರೆ ಹಂಡೆಯೊಳಗೊಂದು ಹಂಡೆ ಇದ್ದಂತೆ. ನಡುವೆ ಗ್ಯಾಸ್ ಉರಿಯುವ ಕೋಣೆ, ಅದರ ಸುತ್ತ ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಬೆರೆತ ದ್ರವ, ಅದರ ಆಚೆಗೆ ಸ್ನಾನಕ್ಕೂ ಪಾತ್ರೆ ತೊಳೆಯಲಿಕ್ಕೂ ಬೇಕಾದ ಸುಮಾರು 8.5 ಲೀಟರ್ ನೀರು. ಗ್ಯಾಸ್ ಬೇಡವೆಂದರೆ ಯುರೋಪಿನಲ್ಲಿ ಕ್ಯಾಂಪಿನ ಕಂಬದಿಂದ 230 ವೋಲ್ಟ್ ವಿದ್ಯುತ್ ಪಡೆದು ಒಂದು, ಎರಡು ಅಥವಾ ಮೂರು ಕಿಲೋವ್ಯಾಟ್‌ನಲ್ಲಿ ಕಾಯಿಸಬಹುದು. ಕಂಬದಲ್ಲಿ 10 ಆಂಪಿಯರ್ ಫ್ಯೂಸ್ ಇದ್ದರೆ ಎರಡು ಕಿಲೋವ್ಯಾಟಿಗೇ ನಿಲ್ಲಬೇಕು. ಉಳಿದ ಶಾಖ ಗ್ಯಾಸಿನದು. ಸಣ್ಣ 12 ವೋಲ್ಟ್ ಪಂಪ್ ಬಿಸಿ ದ್ರವವನ್ನು ಗಾಡಿಯ ಗೋಡೆಗುಂಟ ತಳ್ಳುತ್ತದೆ. ಅಲ್ಲಿ ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ಪೈಪುಗಳಿವೆ. ನೆಲಮಟ್ಟದ ತಣ್ಣನೆಯ ಗಾಳಿ ಆ ರೆಕ್ಕೆಗಳ ನಡುವೆ ನುಗ್ಗಿ, ಬಿಸಿಯಾಗಿ, ಸೋಫಾದ ಬೆನ್ನ ಹಿಂದಿನ ಸಂದಿಯಿಂದ ಮೇಲೇರಿ ಕಿಟಕಿಯ ಗಾಜನ್ನು ಸವರಿಕೊಂಡು ಹೋಗುತ್ತದೆ. ಫ್ಯಾನಿನ ಸದ್ದಿಲ್ಲ, ಮುಖಕ್ಕೆ ಹೊಡೆಯುವ ಒಣಗಾಳಿಯಿಲ್ಲ. ಹೊರಗೆ ಮೈನಸ್ 20 ಇದ್ದರೂ ಕಿಟಕಿಯ ಪಕ್ಕ ಕುಳಿತು ಕಾಫಿ ಕುಡಿಯಬಹುದು. ಆ ಸುಖ ತಿಳಿದ ಮೇಲೆ ಬೇರೆ ಹೀಟರ್ ನನಗೆ ರುಚಿಸಿಲ್ಲ.

ಈ ಸುಖವೆಲ್ಲ ನಿಂತಿರುವುದು ಆ ಟ್ಯಾಂಕಿನ ದ್ರವದ ಮೇಲೆ. ಅದನ್ನು ನೋಡುವ ಹೊತ್ತು ಯಾವುದು ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಹೀಟರ್ ಓಡುತ್ತಿರುವಾಗ ನೋಡಿದ ಮಟ್ಟ ಮಟ್ಟವೇ ಅಲ್ಲ. ನೀರು ಮತ್ತು ಗ್ಲೈಕಾಲಿನ ಮಿಶ್ರಣ 20 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಸುಮಾರು ಶೇಕಡ 3ರಷ್ಟು ಉಬ್ಬುತ್ತದೆ. ಹತ್ತು ಲೀಟರ್ ದ್ರವಕ್ಕೆ 300 ಮಿಲಿಲೀಟರ್ ಹೆಚ್ಚು ಜಾಗ ಬೇಕು. ಆ ಜಾಗವೇ ಈ ಟ್ಯಾಂಕ್. ಆದ್ದರಿಂದ ಹೀಟರ್ ಆರಿಸಿ, ಗಾಡಿ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಮರುದಿನ ಬೆಳಿಗ್ಗೆ ನೋಡಿದರೆ ಇನ್ನೂ ಒಳ್ಳೆಯದು. ಗಾಡಿ ಒಂದು ಕಡೆ ವಾಲಿದ್ದರೆ ಮೊದಲು ಅದನ್ನು ಸಮ ಮಾಡಿಕೊಳ್ಳಿ. ಗಾರೆ ಕೆಲಸದವರ ರಸಮಟ್ಟ ಒಂದನ್ನು ನಾನು ಸದಾ ಜೊತೆಯಲ್ಲಿ ಇಟ್ಟುಕೊಂಡಿರುತ್ತೇನೆ. ತಣ್ಣಗಿರುವಾಗ ದ್ರವ ಕನಿಷ್ಠ ಗೆರೆಗಿಂತ ಸುಮಾರು ಒಂದು ಸೆಂಟಿಮೀಟರ್ ಮೇಲಿರಬೇಕು. ಅಷ್ಟೇ ಸಾಕು. ತಣ್ಣಗಿದ್ದಾಗಲೇ ಗರಿಷ್ಠ ಗೆರೆಯವರೆಗೆ ತುಂಬಿದರೆ ಬಿಸಿಯಾದಾಗ ಉಬ್ಬಿದ್ದು ಟ್ಯಾಂಕಿನಿಂದ ಹೊರಚೆಲ್ಲುತ್ತದೆ.

ಮಟ್ಟ ಇಳಿದಿದೆ ಎನ್ನಿ. ಕೈ ತಾನಾಗಿ ಕ್ಯಾನಿನ ಕಡೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ಎಷ್ಟು ಸುರಿಯಬೇಕು ಎಂದು ಕೇಳುವ ಮೊದಲು, ಇದ್ದದ್ದು ಎಲ್ಲಿಗೆ ಹೋಯಿತು ಎಂದು ಕೇಳಬೇಕು. ಹೋಗುವ ದಾರಿ ಎರಡು. ಟ್ಯಾಂಕಿನ ಒಳಗೆ ಒತ್ತಡವಿಲ್ಲ, ಅದು ಹೊರಗಾಳಿಗೆ ತೆರೆದುಕೊಂಡಿದೆ; ಹೀಗಾಗಿ ಚಳಿಗಾಲವಿಡೀ ಓಡಿದ ವ್ಯವಸ್ಥೆಯಿಂದ ಒಂದಷ್ಟು ಆವಿಯಾಗುವುದು ಸಹಜ. ಆದರೆ ಆವಿಯಾಗುವುದು ನೀರು ಮಾತ್ರ, ಗ್ಲೈಕಾಲ್ ಹಿಂದೆ ಉಳಿಯುತ್ತದೆ. ಇನ್ನೊಂದು ದಾರಿ ಸೋರಿಕೆ. ಅಲ್ಲಿ ಎರಡೂ ಒಟ್ಟಿಗೇ ಹೋಗುತ್ತವೆ. ಆವಿಯಾಗಿ ಇಳಿದ ಟ್ಯಾಂಕಿಗೆ ಪ್ರತಿಸಲವೂ ಗ್ಲೈಕಾಲ್ ಮಿಶ್ರಣವನ್ನೇ ಸುರಿಯುತ್ತ ಹೋದರೆ ದ್ರವ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಸೋರಿ ಇಳಿದ ಟ್ಯಾಂಕಿಗೆ ಬರೀ ನೀರು ಸುರಿದರೆ ತೆಳುವಾಗಿ, ಒಂದು ರಾತ್ರಿ ಹೆಪ್ಪುಗಟ್ಟುತ್ತದೆ.

ಯಾವ ದಾರಿ ಎಂದು ಹೇಳುವುದು ರಿಫ್ರ್ಯಾಕ್ಟೋಮೀಟರ್. ಪುಟ್ಟ ದುರ್ಬೀನಿನಂಥ ಈ ಉಪಕರಣದ ಗಾಜಿನ ಮೇಲೆ ಟ್ಯಾಂಕಿನ ದ್ರವದ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದರೆ, ನೀಲಿ ಮತ್ತು ಬಿಳಿ ಸೇರುವ ಅಂಚು ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಅದೇ ಹೆಪ್ಪುಗಟ್ಟುವ ಉಷ್ಣತೆ. ಒಳಗೆ ಎಥಿಲೀನ್ ಗ್ಲೈಕಾಲಿಗೆ ಒಂದು ಅಳತೆ, ಪ್ರೊಪಿಲೀನ್ ಗ್ಲೈಕಾಲಿಗೆ ಇನ್ನೊಂದು ಅಳತೆ ಇರುತ್ತದೆ. ನಿಮ್ಮ ಗಾಡಿಯಲ್ಲಿರುವುದು ಯಾವುದು ಎಂದು ತಿಳಿದು ಸರಿಯಾದ ಸಾಲನ್ನೇ ಓದಿ. ಓದುವ ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ಹೊಂದಿಸಿಕೊಳ್ಳಿ. ಆಲ್ಡೆ ಹೇಳುವ ಪಾಕ ಶೇಕಡ 40 ಗ್ಲೈಕಾಲ್, 60 ನೀರು. ಇದು ಮೈನಸ್ 25ರವರೆಗೆ ಕಾಯುತ್ತದೆ. ಅಂಕಿ ಮೈನಸ್ 25ರ ಬಳಿಯೇ ಇದ್ದು ಮಟ್ಟ ಮಾತ್ರ ಇಳಿದಿದ್ದರೆ ಅನುಮಾನ ಸೋರಿಕೆಯ ಮೇಲೆ. ಅಂಕಿ ಮೈನಸ್ 30 ದಾಟಿದ್ದರೆ ನೀರು ಆವಿಯಾಗಿದೆ. ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಸಾಕು.

ಗ್ಲೈಕಾಲ್ ಹೆಚ್ಚಿದ್ದಷ್ಟೂ ಚಳಿಗೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಶುದ್ಧ ಎಥಿಲೀನ್ ಗ್ಲೈಕಾಲ್ ಹೆಪ್ಪುಗಟ್ಟುವುದು ಮೈನಸ್ 13 ಡಿಗ್ರಿಯ ಹತ್ತಿರ. ನೀರು ಸೊನ್ನೆಯಲ್ಲಿ ಗಟ್ಟಿಯಾಗುತ್ತದೆ, ಗ್ಲೈಕಾಲ್ ಮೈನಸ್ 13ರಲ್ಲಿ. ಎರಡೂ ಬೆರೆತಾಗ ಒಂದರ ಹರಳುಗಟ್ಟುವಿಕೆಗೆ ಇನ್ನೊಂದು ಅಡ್ಡ ಬಂದು, ಹೆಪ್ಪುಗಟ್ಟುವ ಉಷ್ಣತೆ ಎರಡಕ್ಕಿಂತಲೂ ಬಹಳ ಕೆಳಗೆ ಇಳಿಯುತ್ತದೆ. ಅದಲ್ಲದೆ ಶಾಖ ಹೊರುವ ಶಕ್ತಿ ನೀರಿಗಿರುವಷ್ಟು ಗ್ಲೈಕಾಲಿಗಿಲ್ಲ. ದ್ರವ ಗಟ್ಟಿಯಾದಷ್ಟೂ ಪಂಪಿಗೆ ತಳ್ಳುವುದು ಕಷ್ಟ, ಮಲಗುವ ಕೋಣೆಗೆ ತಲುಪುವ ಬಿಸಿ ಕಡಿಮೆ. ಆರ್ಕ್ಟಿಕ್ ವೃತ್ತದ ಅಂಚಿನ ಯೋಕ್‌ಮೋಕ್‌ನಲ್ಲಿ 1605ರಿಂದ ಫೆಬ್ರವರಿ ತಿಂಗಳಲ್ಲಿ ಚಳಿಗಾಲದ ಸಂತೆ ನಡೆಯುತ್ತದೆ. ಕ್ಯಾರವಾನ್ ಎಳೆದುಕೊಂಡು ಅಲ್ಲಿಗೆ ಹೋಗುವವರು ಮೈನಸ್ 30ನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ಅಂಥವರು ಗ್ಲೈಕಾಲನ್ನು ಶೇಕಡ 50ಕ್ಕೆ ಏರಿಸಬಹುದು. ಅದಕ್ಕಿಂತ ಮೇಲೆ ಬೇಡ.

ಇನ್ನು ಸೋರಿಕೆ. ಅಲ್ಯೂಮಿನಿಯಂ ಪೈಪುಗಳನ್ನು ರಬ್ಬರ್ ತೋಳು ತೊಡಿಸಿ ಕ್ಲಿಪ್ ಬಿಗಿದು ಕೂಡಿಸಿರುತ್ತಾರೆ. ಇಂಥ ಕೂಡುಜಾಗಗಳು ತಣ್ಣಗಿದ್ದಾಗ ಕುಗ್ಗಿ ಹನಿಸುತ್ತವೆ, ಬಿಸಿಯಾದಾಗ ಉಬ್ಬಿ ತಾವೇ ಮುಚ್ಚಿಕೊಳ್ಳುತ್ತವೆ. ಹೀಟರ್ ಓಡುವಾಗ ಹುಡುಕಿದರೆ ಏನೂ ಸಿಗದಿರುವುದು ಇದರಿಂದಲೇ. ತಣ್ಣಗಿರುವಾಗ ಹಾಸಿಗೆಯ ಕೆಳಗೆ, ಸ್ನಾನದ ಮೂಲೆಯ ಹಿಂದೆ, ಸೋಫಾ ಪೆಟ್ಟಿಗೆಗಳ ಒಳಗೆ ಬಿಳಿ ಕಾಗದದ ಟವೆಲ್ ಹಿಡಿದು ಒಂದೊಂದೇ ಕೂಡುಜಾಗದ ಅಡಿ ಒರೆಸುತ್ತ ಹೋಗಿ. ಗ್ಲೈಕಾಲ್ ನೀರಿನಂತೆ ಒಣಗಿ ಮಾಯವಾಗುವುದಿಲ್ಲ. ಬೆರಳಿಗೆ ಅಂಟಂಟಾದ ಗುರುತು ಬಿಡುತ್ತದೆ. ದ್ರವ ಬಸಿಯುವ ತಿರುಪು, ಗಾಳಿ ಬಿಡುವ ತಿರುಪುಗಳನ್ನೂ ಮರೆಯಬೇಡಿ. ಚೆಲ್ಲಿದ್ದನ್ನು ನೀರು ಹಾಕಿ ತೊಳೆದು ಒರೆಸಿ.

ಮಟ್ಟ ಇಳಿಯುವುದಕ್ಕಿಂತಲೂ ನನ್ನನ್ನು ಹೆಚ್ಚು ಹೆದರಿಸುವುದು, ಯಾರೂ ಏನೂ ಸುರಿಯದೆ ಮಟ್ಟ ಏರುವುದು. ಬಾಯ್ಲರಿನಲ್ಲಿ ಗ್ಲೈಕಾಲನ್ನೂ ಸ್ನಾನದ ನೀರನ್ನೂ ಬೇರ್ಪಡಿಸಿರುವುದು ಒಂದೇ ಒಂದು ಲೋಹದ ಗೋಡೆ. ನಲ್ಲಿಗೆ ನೀರು ತಳ್ಳುವ ಪಂಪಿನ ಒತ್ತಡ ಗ್ಲೈಕಾಲ್ ಬದಿಯ ಒತ್ತಡಕ್ಕಿಂತ ಹೆಚ್ಚು. ಗೋಡೆಯಲ್ಲಿ ಸಣ್ಣ ತೂತಾದರೂ ನೀರು ಈ ಕಡೆ ನುಗ್ಗುತ್ತದೆ, ಟ್ಯಾಂಕ್ ತುಂಬುತ್ತದೆ, ರಿಫ್ರ್ಯಾಕ್ಟೋಮೀಟರಿನ ಅಂಕಿ ಸೊನ್ನೆಯ ಕಡೆ ಜಾರುತ್ತದೆ. ನೀರಿನ ಪಂಪ್ ನಿಲ್ಲಿಸಿದಾಗ ಗ್ಲೈಕಾಲ್ ಆ ಕಡೆ ಹೋಗುವುದೂ ಸಾಧ್ಯ. ಹೀಗೆ ಕಂಡ ಗಾಡಿಯ ಬಿಸಿನೀರನ್ನು ಬಾಯಿಗೆ ಹಾಕಬೇಡಿ. ಬಾಯ್ಲರ್ ಬಲ್ಲವರಿಗೆ ತೋರಿಸುವವರೆಗೆ ಹೀಟರನ್ನೂ ಹಚ್ಚಬೇಡಿ. ತಪ್ಪು ನಿರ್ವಹಣೆಯಿಂದ ಈ ಗೋಡೆ ಹೋಗುವ ಇನ್ನೊಂದು ಬಗೆಯೂ ಇದೆ. ಹೀಟರ್ ಆರಿಸಿ ಗಾಡಿಯನ್ನು ಹಿಮದಲ್ಲಿ ನಿಲ್ಲಿಸುವಾಗ ಗ್ಲೈಕಾಲ್ ಒಳಗೇ ಇರಲಿ, ಸ್ನಾನದ ನೀರನ್ನು ಮಾತ್ರ ಪೂರ್ತಿ ಬಸಿದುಬಿಡಬೇಕು. ನೀರು ಹೆಪ್ಪುಗಟ್ಟಿದರೆ ಶೇಕಡ 9ರಷ್ಟು ಹಿಗ್ಗುತ್ತದೆ. ಯಾವ ಲೋಹವೂ ಅದನ್ನು ತಾಳಿಕೊಳ್ಳದು.

ಮಟ್ಟ ಸರಿಯಿದ್ದೂ ಗಾಡಿಯ ಒಂದು ತುದಿ ತಣ್ಣಗೆ, ಪೈಪಿನೊಳಗೆ ಗುಳುಗುಳು ಸದ್ದು ಇದ್ದರೆ ಗಾಳಿ ಸೇರಿಕೊಂಡಿದೆ. ಪಂಪಿನ ವೇಗ ಹೆಚ್ಚಿಸಿ ಅದನ್ನು ಓಡಿಸಲು ಹೋಗಬೇಡಿ. ಪಂಪ್ ನಿಲ್ಲಿಸಿ, ಮುಂದಿನ ಪುಟ್ಟ ಚಕ್ರ ತಿರುಗಿಸಿ ಗಾಡಿಯ ಮೂತಿಯನ್ನು ಆದಷ್ಟು ಕೆಳಗಿಳಿಸಿ, ಕೆಲವು ನಿಮಿಷ ಬಿಡಿ. ಗಾಳಿ ಹಿಂಬದಿಯ ಎತ್ತರಕ್ಕೆ ಏರುತ್ತದೆ. ಅಲ್ಲಿನ ತಿರುಪು ಸಡಿಲಿಸಿ, ದ್ರವ ಬರುವವರೆಗೆ ಗಾಳಿ ಬಿಡಿ. ಆಮೇಲೆ ಮೂತಿ ಎತ್ತಿ ಮುಂಬದಿಯಲ್ಲೂ ಹಾಗೇ ಮಾಡಿ. ಗಾಳಿ ಹೋದ ಜಾಗಕ್ಕೆ ದ್ರವ ಇಳಿಯುವುದರಿಂದ ಟ್ಯಾಂಕಿನ ಮಟ್ಟ ಈಗ ಕಡಿಮೆಯಾಗುತ್ತದೆ. ಇದು ಮಾತ್ರ ಹಿಂದುಮುಂದು ನೋಡದೆ ಮಿಶ್ರಣ ಸುರಿಯಬಹುದಾದ ಸಂದರ್ಭ. ನಿಧಾನವಾಗಿ ಸುರಿಯಿರಿ, ಇಲ್ಲದಿದ್ದರೆ ಇನ್ನಷ್ಟು ಗಾಳಿ ಒಳಹೋಗುತ್ತದೆ. ಸುರಿಯುವ ಪಾತ್ರೆ ಚೊಕ್ಕಟವಾಗಿರಲಿ.

ಗ್ಲೈಕಾಲಿನೊಳಗೆ ಅಲ್ಯೂಮಿನಿಯಮ್ಮನ್ನು ತುಕ್ಕಿನಿಂದ ಕಾಯುವ ರಾಸಾಯನಿಕಗಳಿರುತ್ತವೆ. ಅವು ಕಾಲಕ್ಕೆ ಸವೆಯುತ್ತವೆ. ರಿಫ್ರ್ಯಾಕ್ಟೋಮೀಟರ್ ಮೈನಸ್ 25 ತೋರಿಸುತ್ತಲೇ ಇರುತ್ತದೆ, ಒಳಗೆ ಪೈಪ್ ಕೊರೆಯುತ್ತಲೇ ಇರುತ್ತದೆ. ಹಳೆಯ ಸಾಮಾನ್ಯ ದ್ರವವನ್ನು ಎರಡು ವರ್ಷಕ್ಕೊಮ್ಮೆ, ಜಿ13 ಬಗೆಯ ದೀರ್ಘಾಯುಷ್ಯದ ದ್ರವವನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಎರಡನ್ನೂ ಬೆರೆಸಬಾರದು, ಬೆರೆತರೆ ಲೋಳೆಯಾಗಿ ಪೈಪ್ ಕಟ್ಟುವ ಅಪಾಯವಿದೆ. ಬಣ್ಣ ನೋಡಿ ಜಾತಿ ನಿರ್ಧರಿಸಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಟ್ಯಾಂಕಿನ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿ ದ್ರವದ ಹೆಸರು, ತುಂಬಿದ ದಿನ ಬರೆದಿಡಿ. ನನ್ನ ಮಟ್ಟಿಗೆ ಆ ಚೀಟಿ ಗಾಡಿಯ ರಿಜಿಸ್ಟ್ರೇಷನ್ ಪತ್ರದಷ್ಟೇ ಮುಖ್ಯ.

ಕೊನೆಗೊಂದು ಮಾತು, ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯವರಿಗೆ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನೆಲಕ್ಕೆ ಚೆಲ್ಲಿದ್ದನ್ನು ಪ್ರಾಣಿಗಳು ನೆಕ್ಕುತ್ತವೆ. ಹೊಟ್ಟೆ ಸೇರಿದ ಮೇಲೆ ಯಕೃತ್ತು ಅದನ್ನು ಆಕ್ಸಾಲಿಕ್ ಆಮ್ಲವಾಗಿ ಮಾಡುತ್ತದೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಮೂತ್ರಪಿಂಡ ಕೆಡಿಸುತ್ತದೆ. ಕ್ಯಾನಿಗೆ ಬಿಗಿ ಮುಚ್ಚಳ ಹಾಕಿ ಎತ್ತರದಲ್ಲಿಡಿ, ನೀರಿನ ಬಾಟಲಿಗೆ ಎಂದೂ ತುಂಬಿಡಬೇಡಿ. ಬದಲಿಸಿದ ಹಳೆಯ ದ್ರವವನ್ನು ಚರಂಡಿಗೂ ಹಿಮಕ್ಕೂ ಸುರಿಯದೆ, ಹೆಸರು ಬರೆದ ಡಬ್ಬದಲ್ಲಿ ತುಂಬಿ ನಿಮ್ಮ ಊರಿನ ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವ ಕೇಂದ್ರಕ್ಕೆ ಕೊಟ್ಟು ಬನ್ನಿ.