ರೆಪ್ಪೆ ಶಸ್ತ್ರಚಿಕಿತ್ಸೆಯ ನಂತರದ ಆರೈಕೆ: ಒಂದು ವಿಮರ್ಶೆ

ರೆಪ್ಪೆಯ ಜೋತುಬಿದ್ದ ಚರ್ಮವನ್ನೂ ಕಣ್ಣಿನ ಕೆಳಗೆ ಉಬ್ಬಿದ ಕೊಬ್ಬನ್ನೂ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಬ್ಲೆಫರೊಪ್ಲಾಸ್ಟಿ ಎಂದು ಹೆಸರು. ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿದರೂ ಗಾಯ ಪೂರ್ತಿ ಮಾಯಲು ತಿಂಗಳುಗಳು ಬೇಕು. ಆ ಅವಧಿಗೆಂದು ರೋಗಿಗೆ ಕೊಡುವ ಸೂಚನೆಗಳೆಲ್ಲ ಒಂದೇ ತೂಕದವಲ್ಲ. ಕೆಲವು ದೃಷ್ಟಿಯನ್ನೇ ಕಾಯುತ್ತವೆ, ಕೆಲವು ನೆಮ್ಮದಿ ಕೊಡುತ್ತವೆ, ಇನ್ನು ಕೆಲವು ರೂಢಿಯ ಬಲದಿಂದಷ್ಟೇ ಉಳಿದುಕೊಂಡಿವೆ.

ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳುವಾದದ್ದು. ದಪ್ಪ 1 ಮಿಲಿಮೀಟರಿಗಿಂತ ಕಡಿಮೆ. ಅದರ ಅಡಿಯ ಅಂಗಾಂಶ ಸಡಿಲವಾಗಿರುವುದರಿಂದ ನೀರೂ ರಕ್ತವೂ ಬೇಗ ತುಂಬಿಕೊಳ್ಳುತ್ತವೆ. ಹೀಗಾಗಿ ಊತ ಮೊದಲ 2–3 ದಿನ ಏರುತ್ತಲೇ ಹೋಗಿ ಆಮೇಲೆ ಇಳಿಯುತ್ತದೆ. ಹೊಲಿಗೆಯನ್ನು ಸಾಮಾನ್ಯವಾಗಿ 5–7 ದಿನಗಳಲ್ಲಿ ಬಿಚ್ಚುತ್ತಾರೆ. ಕಪ್ಪುಗಟ್ಟಿದ ಬಣ್ಣ ಮಾಸಲು ಸುಮಾರು 2 ವಾರ ಬೇಕು.

ಮೊದಲ ಎರಡು ದಿನ ತಣ್ಣನೆಯ ಪಟ್ಟಿ ಇಡುವುದು, ತಲೆಯನ್ನು ಎತ್ತರದಲ್ಲಿಟ್ಟು ಮಲಗುವುದು, ಬಗ್ಗಿ ಭಾರ ಎತ್ತದಿರುವುದು ಖರ್ಚಿಲ್ಲದ, ಅರ್ಥವುಳ್ಳ ಕ್ರಮಗಳು. ಆದರೆ ರೆಪ್ಪೆ ಜೋಮು ಹಿಡಿದಿರುವಾಗ ಮಂಜುಗಡ್ಡೆಯನ್ನು ನೇರವಾಗಿ ಒತ್ತಿದರೆ ಚರ್ಮಕ್ಕೆ ಗಾಯವಾದೀತು. ಕಣ್ಣು ಕೆಲಕಾಲ ಪೂರ್ತಿ ಮುಚ್ಚದೆ ಒಣಗುವುದುಂಟು. ಆಗ ಕೃತಕ ಕಣ್ಣೀರಿನ ಹನಿಗಳೂ ರಾತ್ರಿಯ ಮುಲಾಮೂ ಕಾರ್ನಿಯಾವನ್ನು ಕಾಪಾಡುತ್ತವೆ. ಕಡೆಗಣಿಸಬಾರದ ಈ ಸೂಚನೆಗೆ ಹೆಚ್ಚಿನ ಬೆಲೆ ಸಲ್ಲಬೇಕು.

ಆರ್ನಿಕಾ ಎಂಬ ಗಿಡಮೂಲಿಕೆಯ ಗುಳಿಗೆಯಿಂದ ಕಪ್ಪು ಬೇಗ ಮಾಸುತ್ತದೆಂಬ ನಂಬಿಕೆಗೆ ಅಧ್ಯಯನಗಳ ಬೆಂಬಲ ಗಟ್ಟಿಯಾಗಿಲ್ಲ. ಕರ್ನಾಟಕದ ಮನೆಗಳಲ್ಲಿ ಕಣ್ಣಿಗೆ ತಂಪೆಂದು ಹರಳೆಣ್ಣೆ ಹಚ್ಚುವ, ನಂದಿಬಟ್ಟಲು ಹೂವನ್ನು ಇಡುವ ಪದ್ಧತಿಯಿದೆ. ಅದರ ಹಿಂದಿನ ಅಕ್ಕರೆ ದೊಡ್ಡದು. ಆದರೂ ಹಸಿ ಗಾಯದ ಮೇಲೆ ಶುದ್ಧೀಕರಿಸದ ಯಾವುದನ್ನೂ ಇಡುವಂತಿಲ್ಲ, ಸೋಂಕಿಗೆ ದಾರಿಯಾಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಲ್ಲವು. ಹಾಗೆಂದು ಹೃದಯಕ್ಕಾಗಿ ತೆಗೆದುಕೊಳ್ಳುವ ರಕ್ತ ತೆಳುಮಾಡುವ ಔಷಧಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದೂ ಅಪಾಯವೇ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಕಣ್ಣುಗುಡ್ಡೆಯ ಹಿಂದಿನ ರಕ್ತಸ್ರಾವದ್ದು. ಇದು ಅಪರೂಪ, ಆದರೆ ಆದಾಗ ಹೆಚ್ಚಾಗಿ ಮೊದಲ 24 ಗಂಟೆಗಳಲ್ಲೇ ಆಗುತ್ತದೆ. ಒಂದೇ ಕಣ್ಣಿನಲ್ಲಿ ಏರುವ ತೀವ್ರ ನೋವು, ಗುಡ್ಡೆ ಮುಂದಕ್ಕೆ ಚಾಚುವುದು, ದೃಷ್ಟಿ ಮಂಕಾಗುವುದು ಇದರ ಲಕ್ಷಣಗಳು. ಒತ್ತಡವನ್ನು ಕೂಡಲೇ ಇಳಿಸದಿದ್ದರೆ ಕಣ್ಣಿನ ನರ ಸತ್ತು ಶಾಶ್ವತ ಕುರುಡು ಬರಬಹುದು. ಊತವೆಂದರೆ ಸಹಜವೆಂದು ಬೆಳಗಿನವರೆಗೆ ಕಾಯುವುದು ಇಲ್ಲಿ ಸಲ್ಲದು. ಸೂಚನಾಪತ್ರದ ಮೊದಲ ಸಾಲಿನಲ್ಲೇ ಇರಬೇಕಾದ ಮಾತಿದು.

ವಾರದಲ್ಲಿ ಎಲ್ಲ ಸರಿಹೋಗುತ್ತದೆಂಬ ಭರವಸೆ ಹೊಲಿಗೆ ಬಿಚ್ಚುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಗಾಯದ ಗೆರೆ ಕೆಲವು ವಾರ ಕೆಂಪಾಗಿ, ಗಡುಸಾಗಿದ್ದು, 6 ತಿಂಗಳಿಂದ ಒಂದು ವರ್ಷದೊಳಗೆ ಮೆತ್ತಗಾಗುತ್ತದೆ. ಕಂದು ಮೈಬಣ್ಣದವರಲ್ಲಿ ಗಾಯದ ಸುತ್ತ ಕಪ್ಪು ಛಾಯೆ ಉಳಿಯುವ ಸಾಧ್ಯತೆ ಹೆಚ್ಚಾದ್ದರಿಂದ ಬಿಸಿಲಿನಿಂದ ಕಾಯ್ದುಕೊಳ್ಳುವುದು ಅಗತ್ಯ. ಎರಡು ಕಣ್ಣುಗಳ ಊತ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಮೊದಲ ವಾರಗಳ ವ್ಯತ್ಯಾಸ ನೋಡಿ ಮರುಶಸ್ತ್ರಚಿಕಿತ್ಸೆಗೆ ಅವಸರಪಡುವುದು ತಪ್ಪು. ಅಪಾಯದ ಲಕ್ಷಣಗಳನ್ನು ಮೊದಲು ಹೇಳಿ, ಮಾಯುವ ಕಾಲವನ್ನು ಮುಚ್ಚಿಡದೆ ತಿಳಿಸುವ ಆರೈಕೆಯೇ ಒಳ್ಳೆಯ ಆರೈಕೆ.