ಪರದೆಯ ಯಾವ ಪಕ್ಕ?

ಹೋದ ವಾರ ಮಾತು ಕೊಟ್ಟಂತೆ ಈ ವಾರ ಬರೆಯಬೇಕಾದದ್ದು ಜಾವಾದ ರಾತ್ರಿಯೂಟದ ಬಗ್ಗೆ. ಒಬ್ಬರೇ ಹೋದವರು ಹೊತ್ತು ಮುಳುಗಿದ ಮೇಲೆ ಎಲ್ಲಿ ಕೂರಬೇಕು, ಏನು ತಿನ್ನಬೇಕು ಎಂಬುದು ವಿಷಯ. ಅಷ್ಟರಲ್ಲಿ ಓದುಗರೊಬ್ಬರ ಕಾಗದ ಬಂತು: ‘ಯೋಗ್ಯಕರ್ತಕ್ಕೆ ಒಬ್ಬನೇ ಹೊರಟಿದ್ದೇನೆ, ನೋಡಬೇಕಾದ ಜಾಗಗಳ ಪಟ್ಟಿ ಕೊಡಿ.’ ಪಟ್ಟಿಗಳ ಬಗ್ಗೆ ನನ್ನ ಅಭಿಪ್ರಾಯ ಈ ಅಂಕಣದ ಹಳಬರಿಗೆ ಗೊತ್ತೇ ಇದೆ. ಹೊಸಬರಿಗಾಗಿ ಎಲ್ಲವನ್ನೂ ಮತ್ತೆ ಹೇಳುತ್ತ ಕೂರುವಷ್ಟು ಜಾಗವನ್ನು ಸಂಪಾದಕರು ಕೊಡುವುದಿಲ್ಲ.

ಪಟ್ಟಿ ಪಂಥದವರ ಜಾವಾ ಹೀಗಿರುತ್ತದೆ: ಬೆಳಗಿನ ಮೂರಕ್ಕೆ ಎದ್ದು ಬೊರೊಬುದುರಿನ ಕಡೆ ಸೂರ್ಯೋದಯ, ಮಧ್ಯಾಹ್ನ ಮಾಲಿಯೊಬೊರೊ ಬೀದಿಯಲ್ಲಿ ಚೌಕಾಸಿ ಮಾಡಿ ಒಂದು ಬಾಟಿಕ್ ಅಂಗಿ, ಸಂಜೆ ಪ್ರಂಬಾನನ್ ಗುಡಿಗಳ ಹಿನ್ನೆಲೆಯಲ್ಲಿ ರಾಮಾಯಣ ನೃತ್ಯ, ಮರುದಿನ ಬಾಲಿಗೆ ವಿಮಾನ. ಬೊರೊಬುದುರಿನ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಒಬ್ಬರೇ ಹೋಗುವವರು ಪಟ್ಟಿ ಹಿಡಿದು ಹೋದರೆ ಗುಂಪು ಪ್ರವಾಸದ ಕಷ್ಟವೆಲ್ಲ ಅವರಿಗೂ ಉಂಟು, ಅಲ್ಲಿನ ಹರಟೆಯೊಂದು ಮಾತ್ರ ಇಲ್ಲ. ಇದನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ. ಪಟ್ಟಿ ಪಂಥ ದಿನದಿನಕ್ಕೂ ಬೆಳೆಯುತ್ತಿದೆ.

ನನ್ನ ಸಲಹೆ ಇಷ್ಟು. ಯೋಗ್ಯಕರ್ತದಲ್ಲಿ ಇಳಿದು ಸೋಲೊಗೆ ಲೋಕಲ್ ರೈಲು ಹತ್ತಿ. 2021ರಿಂದ ಈ ಹಳಿಯ ಮೇಲೆ ವಿದ್ಯುತ್ ರೈಲು ಓಡುತ್ತಿದೆ. ಟಿಕೆಟ್ಟಿಗೆ ಎಂಟು ಸಾವಿರ. ಗಾಬರಿಯಾಗಬೇಡಿ, ಅದು ಅವರ ರುಪಿಯಾ. ನಮ್ಮ ಲೆಕ್ಕದಲ್ಲಿ ಐವತ್ತು ರೂಪಾಯಿಯ ಆಸುಪಾಸು. ಒಂದು ಗಂಟೆ ಚಿಲ್ಲರೆಯಲ್ಲಿ ಬಲಪನ್ ನಿಲ್ದಾಣ ಬರುತ್ತದೆ. ಅದರ ಮೇಲೆ ದಿದಿ ಕೆಂಪೊತ್ ಕಟ್ಟಿ ಹಾಡಿದ ಹಾಡು ಗೊತ್ತಿಲ್ಲದ ಆಟೋದವನು ಆ ಊರಲ್ಲಿ ಸಿಗಲಾರ. 2020ರಲ್ಲಿ ತೀರಿಕೊಂಡ ಈ ಗಾಯಕ ಭಗ್ನಪ್ರೇಮದ ಹಾಡುಗಳಿಂದಲೇ ಹೆಸರಾದವನು.

ಅರಮನೆಗಳ ಕತೆಯನ್ನು ಬೇಗ ಮುಗಿಸುತ್ತೇನೆ. 1745ರಲ್ಲಿ ಎರಡನೆಯ ಪಕುಬುವನ ಹಾಳಾದ ಕರ್ತಸುರವನ್ನು ಬಿಟ್ಟು ಬೆಂಗಾವನ್ ನದಿಯ ಪಕ್ಕದ ಸಾಲ ಎಂಬ ಹಳ್ಳಿಗೆ ರಾಜಧಾನಿ ತಂದ. ಅದೇ ಸುರಕರ್ತ, ಬಾಯಿಮಾತಿನಲ್ಲಿ ಸೋಲೊ. ಹತ್ತೇ ವರ್ಷಕ್ಕೆ ಮನೆ ಒಡೆಯಿತು. 1755ರ ಗಿಯಾಂತಿ ಒಪ್ಪಂದದಲ್ಲಿ ಡಚ್ಚರು ನಡುವೆ ನಿಂತು ಮತರಾಮ್ ರಾಜ್ಯವನ್ನು ಇಬ್ಭಾಗ ಮಾಡಿ ಅರ್ಧವನ್ನು ಯೋಗ್ಯಕರ್ತಕ್ಕೆ ಕೊಟ್ಟರು. ಎರಡು ವರ್ಷ ಕಳೆದು ಸೋಲೊದೊಳಗೇ ಮಂಗ್ಕುನೆಗರನ್ ಎಂಬ ಇನ್ನೊಂದು ಅರಮನೆ ಎದ್ದಿತು. ದಾಯಾದಿಗಳ ಪೈಪೋಟಿ ಇವತ್ತಿಗೂ ಮೈಮೇಲೆ ಕಾಣುತ್ತದೆ. ಯೋಗ್ಯಕರ್ತದ ಬಾಟಿಕ್‌ನಲ್ಲಿ ನೆಲ ಬಿಳಿ, ಸೋಲೊದ್ದರಲ್ಲಿ ಕೆನೆ ಮತ್ತು ಕಂದು. ಗಂಡಸರ ಪೇಟದ ಹಿಂದೆ ಗಂಟು ಉಬ್ಬಿದ್ದರೆ ಯೋಗ್ಯಕರ್ತದವನು, ಚಪ್ಪಟೆಯಾಗಿದ್ದರೆ ಸೋಲೊದವನು. ಸ್ವಾತಂತ್ರ್ಯದ ಹೊತ್ತಿನಲ್ಲಿ ಯೋಗ್ಯಕರ್ತದ ಸುಲ್ತಾನ ಗಣರಾಜ್ಯದ ಬೆನ್ನಿಗೆ ನಿಂತ. ಅವನ ವಂಶದವರೇ ಇಂದಿಗೂ ಅಲ್ಲಿ ರಾಜ್ಯಪಾಲರು. ಸೋಲೊ ತನ್ನ ವಿಶೇಷ ಸ್ಥಾನವನ್ನು 1946ರಲ್ಲೇ ಕಳೆದುಕೊಂಡಿತು. ಸುಲ್ತಾನನ ಆಳ್ವಿಕೆ ಅತ್ತ, ದೊಡ್ಡ ಗುಡಿಗಳೂ ಅತ್ತ. ಪ್ರವಾಸಿಗರೂ ಅತ್ತಲೇ ಹೋದರು. ಸೋಲೊಗೆ ಉಳಿದದ್ದು ಅದರ ರಾತ್ರಿ.

ರಾತ್ರಿಯೇ ಒಂಟಿ ತಿರುಗಾಟದವರ ನಿಜವಾದ ಆಸ್ತಿ. ಜೊತೆಗಾರರಿದ್ದರೆ ಹತ್ತೂವರೆಗೆ ಒಬ್ಬರಿಗೆ ಆಕಳಿಕೆ, ಹನ್ನೊಂದಕ್ಕೆ ಇನ್ನೊಬ್ಬರಿಗೆ ಬೆನ್ನುನೋವು. ಸೋಲೊ ನಿದ್ದೆಗೆಟ್ಟವರ ಊರು. ಕೆಪ್ರಾಬೊನ್ ಬೀದಿಯ ಹೆಂಗಸರು ಸಂಜೆಯಾದ ಮೇಲೆ ನಾಸಿ ಲಿವೆತ್ ಬಡಿಸಲು ಕೂರುತ್ತಾರೆ. ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ಸೀಮೆಬದನೆಯ ತೆಳು ಪಲ್ಯ, ಎಳೆಎಳೆಯಾಗಿ ಬಿಡಿಸಿದ ಕೋಳಿ, ಮೊಟ್ಟೆ. ಎಲ್ಲದರ ಮೇಲೆ ಗಟ್ಟಿಯಾಗುವಂತೆ ಕಾಯಿಸಿದ ತೆಂಗಿನ ಹಾಲಿನ ಕೆನೆ ಒಂದು ಚಮಚ. ಬಾಳೆಲೆಯನ್ನು ಮಡಚಿ ಕಡ್ಡಿ ಚುಚ್ಚಿದ ದೊನ್ನೆಯಲ್ಲಿ ಕೊಡುತ್ತಾರೆ. ಮಾರ್ಗೊಯುದನ್ ಕಡೆ ಕೋಳಿಕಾಲಿನ ಗುಡೆಗ್ ಎಂಬ ಎಳೆ ಹಲಸಿನ ಪಲ್ಯ ಮಾರುವವರು ಬಾಗಿಲು ತೆರೆಯುವುದೇ ನಡುರಾತ್ರಿ ಕಳೆದ ಮೇಲೆ. ಸಸ್ಯಾಹಾರಿಗಳಿಗೆ ಬೀದಿಬದಿಯ ಹಿಕ್ ಗಾಡಿ ಇದೆ: ಕೆಂಡದ ಮೇಲೆ ಕಾಯಿಸಿಕೊಟ್ಟ ತೆಂಪೆ, ತೋಫು, ಶುಂಠಿ ಚಹಾ. ಗಾಡಿಯ ಸುತ್ತಲಿನ ಬೆಂಚಿನಲ್ಲಿ ಒಬ್ಬರೇ ಬಂದವರಿಗೆ ಯಾವಾಗಲೂ ಅರ್ಧ ಅಡಿ ಜಾಗವಿರುತ್ತದೆ. ನಾಲ್ವರು ಒಟ್ಟಿಗೆ ಹೋದರೆ ಬೆಂಚು ಖಾಲಿಯಾಗುವವರೆಗೆ ನಿಂತಿರಬೇಕು.

ಆದರೆ ಈ ಊಟಕ್ಕೆ ಹೇಳಿ ಮಾಡಿಸಿದ ಹೊತ್ತು ಯಾವುದು ಎಂದರೆ, ವಯಾಂಗ್ ಕುಲಿತ್ ನಡೆಯುತ್ತಿರುವಾಗ, ಕತೆ ಬಿಟ್ಟು ಹಾಸ್ಯ ಶುರುವಾದಾಗ. ಹಾಗಾಗಿ ತೊಗಲು ಗೊಂಬೆಯ ಆಟದ ವಿಷಯ ಎತ್ತದೆ ಗತಿಯಿಲ್ಲ. ಎತ್ತಿದ ಮೇಲೆ ಊಟ ಹಿಂದೆ ಸರಿಯುವುದೂ ಖಂಡಿತ.

ಸೋಲೊದ ಕೆಂತಿಂಗನ್‌ನಲ್ಲಿರುವ ತಮನ್ ಬುದಾಯ ರಂಗಮಂದಿರದಲ್ಲಿ ಶುಕ್ರವಾರ ಕ್ಲಿವೊನ್‌ನ ಹಿಂದಿನ ರಾತ್ರಿ ಆಟವಾಡಿಸುವ ಪದ್ಧತಿ ಬಹುಕಾಲದಿಂದ ಇದೆ. ಜಾವಾದಲ್ಲಿ ನಮ್ಮ ಏಳು ದಿನದ ವಾರದ ಜೊತೆಗೆ ಸಂತೆಯ ಐದು ದಿನದ ವಾರವೂ ಓಡುತ್ತದೆ: ಲೆಗಿ, ಪಾಹಿಂಗ್, ಪೋನ್, ವಾಗೆ, ಕ್ಲಿವೊನ್. ಎರಡೂ ಸೇರಿ ಅದೇ ಜೋಡಿ ಮತ್ತೆ ಬರಲು ಮೂವತ್ತೈದು ದಿನ ಬೇಕು. ಪಟ್ಟಿ ಪಂಥದವರು ರಜೆ ನೋಡಿ ಟಿಕೆಟ್ ಕೊಳ್ಳುತ್ತಾರೆ. ನಾನು ಕ್ಲಿವೊನ್ ನೋಡಿ ಕೊಳ್ಳುತ್ತೇನೆ.

ಆಟ ರಾತ್ರಿ ಒಂಬತ್ತರ ಸುಮಾರಿಗೆ ಶುರುವಾಗಿ ಬೆಳಗಿನ ಜಾವ ಮುಗಿಯುತ್ತದೆ. ಹೋದ ಕೂಡಲೇ ಹೊಸಬರನ್ನು ಕಾಡುವ ಪ್ರಶ್ನೆ: ಪರದೆಯ ಯಾವ ಪಕ್ಕ ಕೂರಬೇಕು? ಪುಸ್ತಕ ಓದಿ ಬಂದವರು ನೆರಳಿನ ಕಡೆ ಓಡುತ್ತಾರೆ. ನೆರಳೇ ಸತ್ಯ, ಗೊಂಬೆ ನೆಪ, ಜಗತ್ತು ಮಾಯೆ ಎಂದೆಲ್ಲ ಅವರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ. ಪರದೇಶಿ ವಿದ್ವಾಂಸರು ಈ ವೇದಾಂತವನ್ನು ಚೆನ್ನಾಗಿ ಬೆಳೆಸಿದ್ದಾರೆ, ನಮ್ಮವರೂ ತಲೆದೂಗುತ್ತಾರೆ. ಸೋಲೊದ ಜನ ಕೂರುವುದು ಬಹುಪಾಲು ಗೊಂಬೆಯ ಕಡೆ, ಗೊಂಬೆ ಕುಣಿಸುವ ದಲಂಗ್‌ನ ಬೆನ್ನ ಹಿಂದೆ.

ನಮ್ಮ ತೊಗಲು ಗೊಂಬೆಯಾಟ ನೋಡಿದವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಕಿಳ್ಳೇಕ್ಯಾತರು ಪರದೆಯ ಹಿಂದೆ, ಜನ ಮುಂದೆ. ಚರ್ಮವನ್ನು ಬೆಳಕು ಹಾಯುವಷ್ಟು ಹದಮಾಡಿ ಬಣ್ಣ ಹಾಕುವುದರಿಂದ ಕೆಂಪು ಹಸಿರುಗಳೆಲ್ಲ ಪರದೆಯ ಮೇಲೇ ಮೂಡುತ್ತವೆ, ಪರದೆಯಾಚೆ ಇಣುಕುವ ಅಗತ್ಯವೇ ಇಲ್ಲ. ಜಾವಾದ್ದು ಎಮ್ಮೆಯ ಚರ್ಮ, ಬೆಳಕು ಹಾಯದು. ನೆರಳಿನ ಕಡೆ ಕಾಣುವುದು ಕೊರೆದ ತೂತುಗಳ ಕಪ್ಪು ಜಾಲರಿ ಅಷ್ಟೆ. ಆದರೂ ಗೊಂಬೆಗೆ ಬಣ್ಣ ಹಚ್ಚುತ್ತಾರೆ, ಚಿನ್ನದ ರೇಕು ಅಂಟಿಸುತ್ತಾರೆ, ಅದೂ ಎರಡೂ ಮೈಗೆ. ಕಾಣದ ಕಡೆಗೆ ಯಾರೂ ಅಷ್ಟು ಚಿನ್ನ ಸುರಿಯುವುದಿಲ್ಲ.

ದಲಂಗ್‌ನ ಹಿಂದೆ ಕೂತು ನೋಡಿ. ತಲೆಯ ಮೇಲೆ ದೀಪ, ಎದುರಿಗೆ ಬಾಳೆದಿಂಡು, ದಿಂಡಿಗೆ ಎರಡೂ ಕಡೆ ಸಾಲಾಗಿ ಚುಚ್ಚಿದ ನೂರಾರು ಗೊಂಬೆಗಳು. ಎಡಕ್ಕೆ ಗೊಂಬೆಯ ಮರದ ಪೆಟ್ಟಿಗೆ. ಎಡಗೈಯ ಮರದ ಸುತ್ತಿಗೆಯಿಂದ ಪೆಟ್ಟಿಗೆಯನ್ನು ತಟ್ಟಿದರೆ ಗಮೆಲಾನ್ ವಾದ್ಯಮೇಳ ತಿರುಗುತ್ತದೆ, ತಟ್ಟುವ ಲೆಕ್ಕ ಬದಲಾದರೆ ನಿಲ್ಲುತ್ತದೆ. ಎರಡೂ ಕೈಯಲ್ಲಿ ಗೊಂಬೆ ಬಂದಾಗ ಪೆಟ್ಟಿಗೆಗೆ ತೂಗುಹಾಕಿದ ಕಂಚಿನ ತಗಡುಗಳನ್ನು ಬಲಗಾಲ ಬೆರಳಲ್ಲಿ ಒದೆಯುತ್ತಾನೆ. ಆ ಕಾಲು ಇಡೀ ರಾತ್ರಿ ಎಚ್ಚರವಾಗಿರುತ್ತದೆ. ನಾನು ಕೂತ ಒಂದು ರಾತ್ರಿ ಚಾಕಿಲ್ ಬಂದ. ಮುಂಚಾಚಿದ ದವಡೆ, ಮೇಲಕ್ಕೆ ಬಾಗಿದ ಕೋರೆ, ಕೀರಲು ದನಿಯ ರಾಕ್ಷಸ. ಬೇರೆ ರಾಕ್ಷಸರಿಗೆ ಸಾಮಾನ್ಯವಾಗಿ ಒಂದೇ ಕೈ ಆಡುತ್ತದೆ, ಇವನಿಗೆ ಎರಡೂ. ಎದುರಿಗೆ ತಲೆ ತಗ್ಗಿಸಿ ಸುಮ್ಮನೆ ನಿಂತ ಅರ್ಜುನ. ಚಾಕಿಲ್ ಪಲ್ಟಿ ಹೊಡೆಯುತ್ತಾನೆ, ಹಾರುತ್ತಾನೆ, ಮೂದಲಿಸುತ್ತಾನೆ. ತಗಡು ಚರಚರ ಎನ್ನುತ್ತದೆ. ಕೊನೆಗೆ ತನ್ನದೇ ಕಠಾರಿ ಚುಚ್ಚಿಕೊಂಡು ಸಾಯುತ್ತಾನೆ. ಅರ್ಜುನ ಅಲುಗಿದ್ದು ನಾಲ್ಕೇ ಬೆರಳಷ್ಟು. ನೆರಳಿನ ಕಡೆ ಕೂತವರಿಗೆ ಗುದ್ದಾಟ ಕಂಡಿರಬೇಕು. ನಮಗೆ ಕಂಡದ್ದು ಎರಡು ಮೊಣಕೈ, ಒಂದು ಹೆಬ್ಬೆರಳು ಮತ್ತು ಅಂಗಿಯ ಬೆನ್ನಿನಲ್ಲಿ ಹರಡುತ್ತಿದ್ದ ಬೆವರು. 2021ರಲ್ಲಿ ತೀರಿಕೊಂಡ ಮಂತೆಬ್ ಸುದರ್ಸೊನೊ ಅವರಿಗೆ ಗೊಂಬೆ ಕುಣಿಸುವ ಕೈಚಳಕಕ್ಕೇ ಅಷ್ಟು ದೊಡ್ಡ ಹೆಸರು ಬಂದದ್ದು ಏಕೆಂದು ಈ ಕಡೆ ಕೂತವರಿಗೇ ತಿಳಿಯುವುದು.

ಕತೆ ಗೊತ್ತಿಲ್ಲ ಎಂಬ ಭಯ ನಮಗಿಲ್ಲ, ಬಹುಪಾಲು ಮಹಾಭಾರತವೇ. ಆದರೆ ಅವರ ಮಹಾಭಾರತ. ದ್ರೌಪದಿ ಯುಧಿಷ್ಠಿರನೊಬ್ಬನ ಹೆಂಡತಿ. ಶಿಖಂಡಿ ಅಲ್ಲಿ ಶ್ರೀಕಂಡಿ, ಬಿಲ್ಲು ಹಿಡಿದ ಅರ್ಜುನನ ಮಡದಿ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ದೇವ ರುಚಿಯ ಕತೆ. ಸೋಲೊದ ಅರಮನೆಯ ಕವಿ ಯಸದಿಪುರ ಹದಿನೆಂಟನೆಯ ಶತಮಾನದಲ್ಲಿ ಅದನ್ನು ಹಾಡುಗಬ್ಬವಾಗಿ ಹೊಸದಾಗಿ ಬರೆದ. ಕೊಲ್ಲಿಸುವ ಹುನ್ನಾರದಿಂದ ದ್ರೋಣ ಭೀಮನಿಗೆ ಜೀವಜಲ ತರಲು ಹೇಳುತ್ತಾನೆ. ಹೋಗಬೇಡ ಎಂದು ಅಣ್ಣತಮ್ಮಂದಿರು ಅಂಗಲಾಚುತ್ತಾರೆ. ಭೀಮ ಒಬ್ಬನೇ ಹೊರಡುತ್ತಾನೆ. ಬೆಟ್ಟವನ್ನು ಅಗೆದು ಬುಡಮೇಲು ಮಾಡಿದರೆ ಸಿಗುವುದು ನೀರಲ್ಲ, ಇಬ್ಬರು ರಾಕ್ಷಸರು. ಮತ್ತೆ ಗುರುವಿನ ಬಳಿ ಬರುತ್ತಾನೆ. ನೀರು ಕಡಲಿನಲ್ಲಿದೆ ಎನ್ನುತ್ತಾನೆ ಗುರು. ಕಡಲಿಗೆ ಹಾರುತ್ತಾನೆ, ಹಾವಿನೊಡನೆ ಹೊಡೆದಾಡಿ ಅದನ್ನು ಉಗುರಿನಿಂದ ಸೀಳುತ್ತಾನೆ. ನಡುಗಡಲಲ್ಲಿ ಅಂಗೈಯಗಲದ ಒಬ್ಬ ಪುಟ್ಟ ದೇವರು, ನೋಡಲು ಥೇಟ್ ಭೀಮನಂತೆ. ‘ನನ್ನ ಎಡಗಿವಿಯೊಳಗೆ ಬಾ’ ಎನ್ನುತ್ತಾನೆ. ಬೆಟ್ಟದಂಥ ಭೀಮ ಆ ಕಿವಿಯೊಳಗೆ ಹೊಕ್ಕು ಇಡೀ ಲೋಕವನ್ನು ನೋಡುತ್ತಾನೆ. ಜಾವಾದ ಭೀಮ ಯಾರೊಡನೆಯೂ, ದೇವತೆಗಳೊಡನೆಯೂ, ಮರ್ಯಾದೆಯ ಮಾತಾಡುವವನಲ್ಲ, ಎಲ್ಲರಿಗೂ ಏಕವಚನ. ಈ ಪುಟ್ಟ ದೇವರೆದುರು ಮಾತ್ರ ಬಾಗಿ ಬಹುವಚನ ಹಿಡಿಯುತ್ತಾನೆ. ರನ್ನನ ಗದಾಯುದ್ಧದ ಭೀಮನನ್ನು ಮೆಚ್ಚಿದವರು ಈ ಭೀಮನನ್ನೂ ನೋಡಬೇಕು. ಒಂಟಿ ತಿರುಗಾಟದವರಿಗೊಂದು ಕುಲದೈವ ಬೇಕೆಂದರೆ ನನ್ನ ಮತ ಅವನಿಗೇ.

ಇನ್ನು ಹಾಸ್ಯ. ಲಿಂಬುಕ್ ಮತ್ತು ಚಾಂಗಿಕ್ ಎಂಬ ದಾಸಿಯರ ಪ್ರಸಂಗ ಮೊದಲು ಬರುತ್ತದೆ. ನಡುರಾತ್ರಿಯ ನಂತರ ಸೆಮಾರ್ ಮತ್ತು ಅವನ ಮಕ್ಕಳು ಗಾರೆಂಗ್, ಪೆತ್ರುಕ್, ಬಾಗೊಂಗ್. ಈಗ ಈ ಎರಡೂ ಜಾಗಕ್ಕೆ ಸಿನಿಮಾ ಧಾಟಿಯ ಹಾಡು, ಕೋರಿಕೆ ಚೀಟಿ, ಬಾಡಿಗೆ ಹಾಸ್ಯಗಾರರು ಎಲ್ಲ ನುಗ್ಗಿ ಕತೆಯೇ ಮೂಲೆಗೆ ಸರಿದಿದೆ ಎಂದು ಹಳಬರು ಗೊಣಗುತ್ತಾರೆ. ಗೊಣಗುವುದು ನ್ಯಾಯವೇ. ನಾನು ಮಾತ್ರ ಆ ಹೊತ್ತಿಗೆ ಎದ್ದು ಗಾಡಿಯ ಕಡೆ ನಡೆಯುತ್ತೇನೆ. ಹೋದ ವಾರ ಮಾತು ಕೊಟ್ಟ ವಿಷಯಕ್ಕೆ ನನ್ನ ಪೂರ್ತಿ ಉತ್ತರ ಇಷ್ಟೇ.

ಕರಾವಳಿಯ ಕಾಲಮಿತಿ ಪಂಥದ ಗೆಳೆಯರು ಇಲ್ಲಿ ಕೈಯೆತ್ತುತ್ತಾರೆಂದು ಗೊತ್ತು: ‘ಇಡೀ ರಾತ್ರಿ ಕೂರುವವರು ಯಾರು ಸ್ವಾಮಿ? ಯಕ್ಷಗಾನವನ್ನೇ ಮೂರು ತಾಸಿಗೆ ಇಳಿಸಿದ್ದೇವೆ.’ ಅವರಿಗೆ ನಾನೇ ಒಂದು ಅಸ್ತ್ರ ಕೊಡುತ್ತೇನೆ. ಆಟವನ್ನು ಚಿಕ್ಕದು ಮಾಡುವ ಪ್ರಯೋಗ ಸೋಲೊದಲ್ಲೇ ನಡೆದಿದೆ. 1970ರ ದಶಕದಲ್ಲಿ ಅಲ್ಲಿನ ಕಲಾ ಅಕಾಡೆಮಿಯಲ್ಲಿ ಹುಮರ್ದಾನಿಯವರ ಮುಂದಾಳುತನದಲ್ಲಿ ‘ಪಕೆಲಿರನ್ ಪದತ್’ ಎಂಬ ಬಿಗಿಯಾದ ಕಿರು ಆಟ ರೂಪುಗೊಂಡಿತು. ಎಲ್ಲಿ ಮಾತು ಜೋಲುತ್ತದೆ, ಯಾವ ರಾಗ ಬರೀ ಹೊತ್ತು ಕಳೆಯುತ್ತದೆ ಎಂದು ಕೂತು ತೂಗಿ ಕತ್ತರಿಸಿದರು. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಕತ್ತರಿ ಹಿಡಿದವರು ಕಲಾವಿದರು, ಇಡೀ ರಾತ್ರಿಯ ಆಟವೂ ಪಕ್ಕದಲ್ಲಿ ಹಾಗೇ ಉಳಿಯಿತು. ನಮ್ಮಲ್ಲಿ ಕತ್ತರಿ ಹಿಡಿದದ್ದು ಗಡಿಯಾರ, ಧ್ವನಿವರ್ಧಕದ ಕಾನೂನು, ಮತ್ತು ಮರುದಿನ ಆಫೀಸಿರುವ ಪ್ರೇಕ್ಷಕ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹೋಗುವವರಿಗೆ ಕೊನೆಯ ಮಾತು. ಟಿಕೆಟ್ ಕಾಯ್ದಿರಿಸುವ ಮುಂಚೆ ಮುಂದಿನ ಶುಕ್ರವಾರ ಕ್ಲಿವೊನ್ ಯಾವತ್ತು, ಆ ಗುರುವಾರ ರಾತ್ರಿ ಆಟವಿದೆಯೇ ಎಂದು ವಿಚಾರಿಸಿ. ಹಗಲು ನಿದ್ದೆ ಮಾಡಿಕೊಳ್ಳಿ. ಒಂಬತ್ತಕ್ಕೆ ಮುಂಚೆ ಹೋಗಿ ದಲಂಗ್‌ನ ಹಿಂದೆ, ಪೆಟ್ಟಿಗೆ ಕಾಣುವಂತೆ ಸ್ವಲ್ಪ ಎಡಕ್ಕೆ ಕೂರಿ. ನೆರಳು ನೋಡಲೇಬೇಕೆಂದರೆ ಆ ಕಡೆ ಹೋಗಿ ಐದು ನಿಮಿಷ ನಿಂತು ಬನ್ನಿ. ಅದಕ್ಕೆ ಅಷ್ಟು ಸಾಕು.