ಹಾಯ್ಕು ಪುಸ್ತಕಗಳೂ ನಿಡುಗಲ್ಲು ಸೀಮೆಯ ಮಳೆನಕ್ಷತ್ರಗಳೂ

ಕನ್ನಡದಲ್ಲಿ ಈಚಿನ ಕೆಲವು ದಶಕಗಳಿಂದ ಹಾಯ್ಕು ಎಂಬ ಹೆಸರು ಹೊತ್ತ ಕಿರುಹೊತ್ತಗೆಗಳು ಪ್ರಕಟವಾಗುತ್ತ ಬಂದಿವೆ. ಅಂಗೈಯಗಲದ ಪುಸ್ತಕ, ಪುಟಕ್ಕೆ ಮೂರೋ ನಾಲ್ಕೋ ಪದ್ಯ, ಮೊದಲಲ್ಲಿ ಹಿರಿಯರೊಬ್ಬರ ಮುನ್ನುಡಿ, ಕೊನೆಯಲ್ಲಿ ಗೆಳೆಯರೊಬ್ಬರ ಬೆನ್ನುಡಿ. ಇವು ಅಂಗಡಿಗಳಲ್ಲಿ ಮಾರಾಟವಾಗುವುದಕ್ಕಿಂತ ಕವಿಗೋಷ್ಠಿಗಳಲ್ಲಿ ಗೌರವಪ್ರತಿಗಳಾಗಿ ಕೈಯಿಂದ ಕೈಗೆ ಸಾಗುವುದೇ ಹೆಚ್ಚು. ಬರೆಯುವವರೇ ಓದುವವರು, ಓದುವವರೇ ಬರೆಯುವವರು. ಇದನ್ನು ಕಂಡು ಮೂಗು ಮುರಿಯುವ ವಿಮರ್ಶಕರುಂಟು. ನಮಗೆ ಅದರಲ್ಲಿ ದೋಷವೇನೂ ಕಾಣದು. ಜಪಾನಿನಲ್ಲಿ ಈ ಪ್ರಕಾರ ಹುಟ್ಟಿ ಬೆಳೆದದ್ದು ಇಂಥ ಬಳಗಗಳಲ್ಲಿಯೇ. ಕೇಳಬೇಕಾದ ಪ್ರಶ್ನೆ ಬೇರೆ: ಬಳಗವು ತನ್ನೊಳಗೆ ಹಂಚಿಕೊಳ್ಳುತ್ತಿರುವುದು ಏನನ್ನು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಒಂದು ಕಾಲಕ್ಕೆ ಚೋಳ ಮನೆತನವೊಂದರ ರಾಜಧಾನಿಯಾಗಿದ್ದ ನಿಡುಗಲ್ಲು ದುರ್ಗದ ಹೆಸರಿನಿಂದ ಇದನ್ನು ನಿಡುಗಲ್ಲು ಸೀಮೆಯೆಂದು ಕರೆಯುತ್ತೇವೆ. ಋತುವನ್ನೇ ಉಸಿರಾಗಿಸಿಕೊಂಡ ಕಾವ್ಯವೊಂದು ಮಳೆಗಾಗಿ ಕಾಯುವ ಒಣನೆಲದಲ್ಲಿ ಬೇರೂರಬಲ್ಲದೆ ಎಂಬುದನ್ನು ತಿಳಿಯಲು ಇದಕ್ಕಿಂತ ಕಠಿಣವಾದ ಒರೆಗಲ್ಲು ದೊರೆಯಲಾರದು.

ಹಾಯ್ಕು ಏಕಾಂತದ ಕಾವ್ಯ, ಧ್ಯಾನಸ್ಥನಾದ ಕವಿಯ ಉದ್ಗಾರ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಹಾಯ್ಕು ಎಂಬ ಹೆಸರನ್ನು ಬಳಕೆಗೆ ತಂದವನು ಮಸಾವೊಕ ಶಿಕಿ (1867–1902), ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅದಕ್ಕೆ ಮೊದಲು ಅದು ಹೊಕ್ಕು, ಎಂದರೆ ಹಲವರು ಕೂಡಿ ಸರದಿಯಂತೆ ಹೆಣೆಯುವ ಸರಪದ್ಯದ ಮೊದಲ ಕೊಂಡಿ. ಒಬ್ಬನು ಹೊಕ್ಕುವನ್ನು ಹೇಳಿದರೆ ಮತ್ತೊಬ್ಬನು ಅದಕ್ಕೆ ಎರಡು ಸಾಲು ಸೇರಿಸಬೇಕು, ಮೂರನೆಯವನು ಆ ಎರಡಕ್ಕೆ ಮೂರು. ಹೀಗೆ 36 ಕೊಂಡಿಗಳಾದರೆ ಒಂದು ಕಸೆನ್. ಬಶೋವಿನ (1644–1694) ಜಗದ್ವಿಖ್ಯಾತವಾದ ಕಪ್ಪೆಯ ಪದ್ಯವನ್ನೇ ನೋಡಬಹುದು. 1686ರಲ್ಲಿ ಅವನ ಗುಡಿಸಿಲಿನಲ್ಲಿ ಕವಿಗಳು ಕಲೆತು, ಎಲ್ಲರೂ ಕಪ್ಪೆಯನ್ನೇ ವಸ್ತುವಾಗಿಟ್ಟುಕೊಂಡು ಪದ್ಯ ರಚಿಸಿ, ಜೋಡಿಜೋಡಿಯಾಗಿ ಎದುರಿಟ್ಟು ತೂಗಿದರು. ಆ ಸ್ಪರ್ಧೆಯ ಪುಸ್ತಕವಾದ ‘ಕವಾಜು ಅವಾಸೆ’ಯಲ್ಲಿ ಈ ಪದ್ಯ ಹಲವು ಕಪ್ಪೆಗಳ ನಡುವೆ ಒಂದು ಕಪ್ಪೆಯಾಗಿ ಕುಳಿತಿದೆ. 1691ರ ‘ಸರುಮಿನೊ’ ಬಶೋ ಪಂಥದ ಶ್ರೇಷ್ಠ ಸಂಕಲನವೆಂದು ಮಾನ್ಯವಾದದ್ದು. ಅದನ್ನು ಸಂಪಾದಿಸಿದವರು ಅವನ ಇಬ್ಬರು ಶಿಷ್ಯರು, ಕ್ಯೊರಾಯ್ ಮತ್ತು ಬೊನ್‌ಚೋ. ಗುರುವಿನ ಪದ್ಯಗಳು ಅಲ್ಲಿ ಬಳಗದವರ ಪದ್ಯಗಳ ಸಾಲಿನಲ್ಲಿಯೇ ನಿಂತಿವೆ. ಒಬ್ಬನೇ ಕವಿಯ ನೂರಾರು ಪದ್ಯಗಳನ್ನು ತುಂಬಿ ತಂದ ನಮ್ಮ ಹೊತ್ತಗೆಗಳಿಗೂ ಇದಕ್ಕೂ ಇರುವ ಅಂತರವನ್ನು ವಾಚಕರು ಗಮನಿಸಬೇಕು.

ಭಾರತಕ್ಕೆ ಈ ಕಾವ್ಯದ ಗಾಳಿ ಬೀಸಿದ್ದು ಬಹುಮಟ್ಟಿಗೆ ರವೀಂದ್ರರಿಂದ. 1916ರಲ್ಲಿ ಜಪಾನಿಗೆ ಹೋದ ಅವರು ತಮ್ಮ ‘ಜಪಾನ್ ಯಾತ್ರಿ’ಯಲ್ಲಿ ಬಶೋವನ್ನು ಬಂಗಾಳಿಗೆ ತಂದರು. ಮುಂದೆ ಹಿಂದಿಯಲ್ಲಿ ಪ್ರೊಫೆಸರ್ ಸತ್ಯಭೂಷಣ ವರ್ಮಾ (1932–2005) ಎಪ್ಪತ್ತರ ದಶಕದ ಕೊನೆಗೆ ಅಂತರ್ದೇಶೀಯ ಪತ್ರದ ಹಾಳೆಯ ಮೇಲೆಯೇ ‘ಹಾಯ್ಕು’ ಎಂಬ ಪತ್ರಿಕೆಯನ್ನು ಅಚ್ಚುಹಾಕಿಸಿ ಊರೂರಿನ ಕವಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಒಂದು ಹಾಳೆ, ಮೂರು ಮಡಿಕೆ, ಒಂದು ಬಳಗ. ವಿದ್ವಾಂಸರಾಗಿ ಜಪಾನಿಯನ್ನು ಬಲ್ಲ ಅವರಿಗೆ ಪ್ರಕಾರದ ಅಳತೆಯೂ ಗೊತ್ತಿತ್ತು, ಅಂಚೆಯ ಅಳತೆಯೂ ಗೊತ್ತಿತ್ತು. 2002ರಲ್ಲಿ ಶಿಕಿಯ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಿತು. ಕನ್ನಡದಲ್ಲಿ ಇಂಥ ಮಧ್ಯವರ್ತಿಯಿಲ್ಲದೆ ನಮಗೆ ಹಾಯ್ಕು ಬಂದದ್ದು ಬಹಳಮಟ್ಟಿಗೆ ಇಂಗ್ಲಿಷಿನ ಮೂಲಕ. ಅದರಿಂದ ಎಣಿಕೆಯಲ್ಲಿಯೇ ಒಂದು ತೊಡಕು ಹುಟ್ಟಿತು.

ಐದು, ಏಳು, ಐದು, ಒಟ್ಟು ಹದಿನೇಳು. ಹದಿನೇಳು ಏನು? ಇಂಗ್ಲಿಷಿನವರು ತಮ್ಮ ಸಿಲೆಬಲ್ ಎಂದರು. ನಾವು ಅದನ್ನು ಅಕ್ಷರವೆಂದು ಕನ್ನಡಿಸಿಕೊಂಡು, ಸಾಲಿನ ಅಕ್ಷರಗಳನ್ನು ಬೆರಳು ಮಡಿಚಿ ಎಣಿಸತೊಡಗಿದೆವು. ಆದರೆ ಜಪಾನಿ ಕವಿ ಎಣಿಸುವುದು ಸಿಲೆಬಲನ್ನಲ್ಲ. ಅವನಲ್ಲಿ ಹ್ರಸ್ವ ಸ್ವರ ಒಂದು, ದೀರ್ಘ ಎರಡು. ಒತ್ತಿನ ಮೊದಲರ್ಧ ತಾನೇ ಒಂದು. ಪದಾಂತ್ಯದ ನಕಾರ ತಾನೇ ಒಂದು. ಛಂದಸ್ಸನ್ನು ಓದಿದ ನಮ್ಮ ಯಾವ ವಿದ್ಯಾರ್ಥಿಗೂ ಇದು ಹೊಸದಲ್ಲ: ಇದು ಮಾತ್ರೆ. ನಿಪ್ಪೊನ್ ಎಂಬ ಪದ ಜಪಾನಿಯಲ್ಲಿ ನಾಲ್ಕೆಣಿಕೆಯದು. ನಮ್ಮ ಲೆಕ್ಕದಲ್ಲಿ ಅದು ಎರಡು ಗುರು, ಎಂದರೆ ನಾಲ್ಕು ಮಾತ್ರೆ. ಬಶೋ ಎಂಬ ಹೆಸರು ಅವರಿಗೆ ಮೂರು, ನಮಗೂ ಲಘು ಗುರು ಸೇರಿ ಮೂರು. ಅಷ್ಟೇಕೆ, ಹಾಯ್ಕು ಎಂಬ ಮಾತೇ ಅವರಲ್ಲಿ ಮೂರು. ಅಕ್ಷರವೆಣಿಸುವ ನಮ್ಮ ಕವಿಗೆ ಅದು ಎರಡಾಗಿಬಿಡುತ್ತದೆ, ಮಾತ್ರೆಯೆಣಿಸಿದರೆ ಮತ್ತೆ ಮೂರು. ನಾಗವರ್ಮನ ಕಾಲದಿಂದ ಮಾತ್ರೆಯನ್ನು ಬಲ್ಲ ಭಾಷೆಯೊಂದು, ಮಾತ್ರೆಯ ಕಾವ್ಯವನ್ನು ಅಕ್ಷರದ ಕಾವ್ಯವೆಂದು ಎರವಲು ಪಡೆದದ್ದು ವಿಚಿತ್ರವಲ್ಲವೆ?

ಇದು ಕೇವಲ ಪಂಡಿತರ ತಕರಾರೆಂದು ತಳ್ಳಿಹಾಕುವಂತಿಲ್ಲ. ಹದಿನೇಳು ಅಕ್ಷರದ ಕನ್ನಡ ಪದ್ಯದಲ್ಲಿ ಹದಿನೇಳರಿಂದ ಮೂವತ್ತನಾಲ್ಕರವರೆಗೆ ಎಷ್ಟು ಮಾತ್ರೆಗಳಾದರೂ ಇರಬಹುದು. ಈ ಸಡಿಲಿನಲ್ಲಿ ವಿವರಣೆ ನುಸುಳುತ್ತದೆ. ಮೊದಲೆರಡು ಸಾಲುಗಳಲ್ಲಿ ಒಂದು ನೋಟ, ಮೂರನೆಯದರಲ್ಲಿ ಅದರ ತಾತ್ಪರ್ಯ: ನಮ್ಮ ಹಾಯ್ಕುಗಳ ಸಾಮಾನ್ಯ ಕಾಯಿಲೆ ಇದೇ. ಹದಿನೇಳು ಮಾತ್ರೆಯ ಕಟ್ಟಿನಲ್ಲಿ ತಾತ್ಪರ್ಯಕ್ಕೆ ಜಾಗವಿಲ್ಲ, ನೋಟವೊಂದೇ ಹಿಡಿಸೀತು. ಕನ್ನಡದ ಪ್ರತ್ಯಯಗಳೇ ಅರ್ಧ ಜಾಗವನ್ನು ತಿಂದುಬಿಡುತ್ತವೆ ಎಂಬ ಆಕ್ಷೇಪ ಬರಬಹುದು. ಜಪಾನಿಯೂ ನಮ್ಮಂತೆ ಪ್ರತ್ಯಯಗಳ ಭಾಷೆ, ಕ್ರಿಯಾಪದವನ್ನು ಕೊನೆಗಿಡುವ ಭಾಷೆ ಎಂಬುದನ್ನು ನೆನೆದರೆ ಈ ಆಕ್ಷೇಪ ತಾನಾಗಿ ಬಿದ್ದುಹೋಗುತ್ತದೆ. ಇಂಗ್ಲಿಷಿಗೆ ಅಸಾಧ್ಯವಾದ ಪದಕ್ರಮ ನಮಗೆ ಸಹಜವಾಗಿ ಒದಗುತ್ತದೆ. ಪದ್ಯವನ್ನು ನಡುವೆ ಕತ್ತರಿಸಿ ನಿಲ್ಲಿಸುವ ಅವರ ಕಿರೆಜಿಗೆ ಸಾಟಿಯಾಗಿ ನಮ್ಮಲ್ಲಿ ಅವಧಾರಣೆಯ ಏಕಾರವೂ ಸಂಶಯದ ಓಕಾರವೂ ಇವೆ. ಎರಡೂ ದೀರ್ಘ, ಕಿವಿಗೆ ನಿಲ್ಲುವಂಥವು.

ಇನ್ನು ಋತುವಿನ ಮಾತು. ಜಪಾನಿನ ಬಳಗಗಳು ಹಂಚಿಕೊಳ್ಳುತ್ತಿದ್ದ ಆಸ್ತಿಗಳಲ್ಲಿ ಮೊದಲನೆಯದು ಪದ್ಯವಲ್ಲ, ಪಂಚಾಂಗ. ಋತುಸೂಚಕ ಪದಕ್ಕೆ ಅವರಲ್ಲಿ ಕಿಗೊ ಎಂದು ಹೆಸರು. ಅಂಥ ಪದಗಳನ್ನು ಕಾಲ, ಆಕಾಶ, ಭೂಮಿ, ಮನುಷ್ಯಜೀವನ, ಆಚರಣೆ, ಪ್ರಾಣಿ, ಸಸ್ಯ ಎಂದು ವಿಂಗಡಿಸಿ ಕೊಡುವ ಕೋಶ ಸೈಜಿಕಿ. ಕವಿ ಒಂದು ಕಿಗೊವನ್ನು ನುಡಿದೊಡನೆ ಅದನ್ನು ಹಿಂದೆ ನುಡಿದವರೆಲ್ಲರೂ ಓದುಗನ ಮನಸ್ಸಿನಲ್ಲಿ ಎದ್ದುನಿಲ್ಲುತ್ತಾರೆ. ಹದಿನೇಳು ಮಾತ್ರೆಗೆ ಬಲ ಬರುವುದು ಹೀಗೆ. ನಮ್ಮ ಹೊತ್ತಗೆಗಳಲ್ಲಿ ಕಾಣಬರುವ ಋತು ಯಾವುದು? ಹಲವೆಡೆ ಎಲೆಯುದುರುವ ಮರ, ಇಬ್ಬನಿ, ಚಿಟ್ಟೆ, ಬೆಳದಿಂಗಳು. ಇವು ಶಿರಾದಲ್ಲಿಯೂ ಸಲ್ಲುತ್ತವೆ, ಶಿವಮೊಗ್ಗದಲ್ಲಿಯೂ ಸಲ್ಲುತ್ತವೆ, ಆದುದರಿಂದ ಎಲ್ಲಿಯೂ ನಾಟುವುದಿಲ್ಲ.

ನಿಡುಗಲ್ಲು ಸೀಮೆಯ ರೈತನ ಬಾಯಲ್ಲಿ ಸೈಜಿಕಿಯೊಂದು ಸಿದ್ಧವಾಗಿಯೇ ಇದೆ. ವರ್ಷವನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿ, ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಮಳೆಗಳನ್ನು ಹೆಸರಿಟ್ಟು ಕರೆಯುವ ಪದ್ಧತಿ ಅದು. ಏಪ್ರಿಲಿನ ಕೊನೆಗೆ ಬರುವ ಭರಣಿ, ಜೂನಿನ ಕೊನೆಯ ಆರಿದ್ರ, ಅಕ್ಟೋಬರ್ ಮುಗಿಯುವಾಗಿನ ಸ್ವಾತಿ: ಇವುಗಳಲ್ಲಿ ಪ್ರತಿಯೊಂದಕ್ಕೂ ಬಿತ್ತನೆಯೊಡನೆ, ಸಾಲದೊಡನೆ, ಗಾದೆಯೊಡನೆ ಸಂಬಂಧವುಂಟು. ಕಡಲೆಕಾಯಿ ಬಿತ್ತುವವನಿಗೆ ಆರಿದ್ರ ಎಂದರೆ ಬರಿಯ ನಕ್ಷತ್ರವಲ್ಲ, ಒಂದು ವರ್ಷದ ಅನ್ನ. ಮಳೆ ಬಾರದೆ ಹೋದ ನಕ್ಷತ್ರಕ್ಕೂ ಹೆಸರಿರುವುದು ಈ ಪಂಚಾಂಗದ ವಿಶೇಷ. ಜಪಾನಿನ ಕಿಗೊ ಬಂದ ಋತುವನ್ನು ಹೇಳಿದರೆ ನಮ್ಮದು ಬಾರದ ಋತುವನ್ನೂ ಹೇಳಬಲ್ಲದು. ಮಾತ್ರೆಯ ದೃಷ್ಟಿಯಿಂದಲೂ ಇದನ್ನು ನೋಡಬೇಕು. ವಸಂತದ ಮಳೆಗೆ ಜಪಾನಿಯಲ್ಲಿ ಹರುಸಮೆ ಎನ್ನುತ್ತಾರೆ, ನಾಲ್ಕು ಮಾತ್ರೆ. ‘ಯ’ ಎಂಬ ಕಿರೆಜಿ ಸೇರಿದರೆ ಐದಾಗಿ ಮೊದಲ ಸಾಲು ತುಂಬುತ್ತದೆ. ‘ಭರಣಿ ಮಳೆ’ ಎಂಬುದು ಐದು ಲಘು, ಐದು ಮಾತ್ರೆ: ಸಿದ್ಧವಾದ ಮೊದಲ ಸಾಲು. ‘ಆರಿದ್ರ ಮಳೆ’ ಸರಿಯಾಗಿ ಏಳು ಮಾತ್ರೆ: ಸಿದ್ಧವಾದ ನಡುವಿನ ಸಾಲು. ಅಕ್ಷರವೆಣಿಸುವವನಿಗೆ ಎರಡೂ ಐದೇ. ಅವುಗಳ ತೂಕದ ವ್ಯತ್ಯಾಸ ಅವನ ಕೈಗೆ ಸಿಗದು. ಊರ ಹೆಸರುಗಳಲ್ಲಿಯೂ ಇದೇ ಕಥೆ. ಕೊರಟಗೆರೆ ಹೇಗೆ ಎಣಿಸಿದರೂ ಐದು. ಪಾವಗಡ ಅಕ್ಷರದಲ್ಲಿ ನಾಲ್ಕಾಗಿ ಸೊರಗುತ್ತದೆ, ಮಾತ್ರೆಯಲ್ಲಿ ಐದಾಗಿ ಸಾಲನ್ನು ತುಂಬುತ್ತದೆ.

ಮಳೆಯಲ್ಲದೆ ಬೇರೆ ಕಿಗೊಗಳೂ ಇಲ್ಲಿ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಮನೆಗಳ ನಡುವಣ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡುಕಟ್ಟುತ್ತವೆ; ಊರಿನವರು ಅವುಗಳನ್ನು ಓಡಿಸದೆ ಕಾಯುತ್ತಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ವರ್ಷದ ಬಹುಭಾಗ ಮರಳಿನ ಹೊಳೆ. ಹೊಸ ಕಿಗೊಗಳೂ ಹುಟ್ಟದಿರಲಾರವು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ಸೌರವಿದ್ಯುತ್ ಸ್ಥಾವರವನ್ನು ಕಟ್ಟಲಾಗಿದೆ. 2018ರಲ್ಲಿ ಉದ್ಘಾಟನೆಯಾದ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಬೆಳೆಯನ್ನು ಸುಡುತ್ತಿದ್ದ ಬಿಸಿಲೇ ಬೆಳೆಯಾದ ನೆಲದಲ್ಲಿ ಆರಿದ್ರಕ್ಕೆ ಯಾರು ಕಾಯುತ್ತಾರೆ? ಈ ಪ್ರಶ್ನೆ ಅರ್ಥಶಾಸ್ತ್ರದ ವರದಿಗಿಂತ ಮೂರು ಸಾಲಿನ ಪದ್ಯಕ್ಕೆ ಹೆಚ್ಚು ಒಗ್ಗುವಂಥದು. ಕವಿಗಳು ಅದನ್ನು ಮುಟ್ಟಿದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಬಳಗದ ವಿಷಯಕ್ಕೆ ಮರಳೋಣ. ಶಿಕಿಯ ಅನುಯಾಯಿಗಳ ಕೂಟಕ್ಕೆ ಕುಕೈ ಎಂದು ಹೆಸರು. ಬಂದವರೆಲ್ಲ ತಮ್ಮ ಪದ್ಯಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆದು ಹಾಕುತ್ತಾರೆ. ಚೀಟಿಗಳನ್ನು ಕಲಸಿ, ಕೈಬರಹದ ಗುರುತು ಸಿಗದಂತೆ ಬೇರೆಯವರು ನಕಲು ಮಾಡುತ್ತಾರೆ. ಪ್ರತಿಯೊಬ್ಬರೂ ತಮಗೆ ಮೆಚ್ಚಿಗೆಯಾದವನ್ನು ಆರಿಸಿ ಓದುತ್ತಾರೆ. ಆರಿಸಿದ ಮೇಲಷ್ಟೇ ಕರ್ತೃ ತನ್ನ ಹೆಸರನ್ನು ಕೂಗುತ್ತಾನೆ. ಗುರುವಿನ ಪದ್ಯಕ್ಕೆ ಒಂದು ಮತವೂ ಬೀಳದೆ ಹೋಗಬಹುದು. ನಮ್ಮ ಕವಿಗೋಷ್ಠಿಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಮೊದಲು ಹೆಸರು, ಆಮೇಲೆ ಹಾರ, ಕೊನೆಗೆ ಪದ್ಯ. ಕೇಳಿದ್ದೆಲ್ಲಕ್ಕೂ ಚಪ್ಪಾಳೆ ಬಿದ್ದ ಮೇಲೆ ಬಿಡುವುದು ಯಾವುದನ್ನು? ನೂರು ಪದ್ಯದಲ್ಲಿ ಹತ್ತು ಉಳಿದರೆ ಒಳ್ಳೆಯ ಹೊತ್ತಗೆಯಾಗುವ ಕಡೆ ನೂರೂ ಉಳಿದು ದಪ್ಪ ಹೊತ್ತಗೆಯಾಗುತ್ತದೆ. ಇವನ್ನು ಬರೆಯುವವರಲ್ಲಿ ಹಲವರು ನಮ್ಮಂಥ ಅಧ್ಯಾಪಕರೇ ಆಗಿರುವುದರಿಂದ ಈ ಮಾತನ್ನು ತುಸು ನಿಷ್ಠುರವಾಗಿಯೇ ಹೇಳುತ್ತಿದ್ದೇವೆ.

ಸೋಸಿದರೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಹಾಯ್ಕು ಎಂದು ಅಚ್ಚಾದವುಗಳಲ್ಲಿ ಬಹುಪಾಲು ಚುಟುಕಗಳು. ರಾಜಕಾರಣಿಯನ್ನೋ ಅತ್ತೆಯನ್ನೋ ಚುಚ್ಚುವ ಚಮತ್ಕಾರ ದಿನಕರ ದೇಸಾಯಿಯವರ (1909–1982) ಚೌಪದಿಯಿಂದ ನಮಗೆ ಚಿರಪರಿಚಿತ. ಅದರ ಯೋಗ್ಯತೆ ಬೇರೆ, ಅದರ ಸ್ಥಾನವೂ ಬೇರೆ. ಜಪಾನಿನವರು ಇದೇ ಅಳತೆಯ ವಿಡಂಬನ ಪದ್ಯಕ್ಕೆ ಸೆನ್‌ರ್ಯು ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟರು. ಅದು 1765ರಿಂದ ಹೊರಬಂದ ಸಂಕಲನಮಾಲೆಯ ಪದ್ಯಗಳನ್ನು ಆರಿಸಿದ ತೀರ್ಪುಗಾರನ ಹೆಸರು. ಆರಿಸಿದವನ ಹೆಸರೇ ಪ್ರಕಾರಕ್ಕೆ ನಿಂತಿರುವುದು ಅರ್ಥಪೂರ್ಣವಾಗಿದೆ.

ಆರಿಸುವ ಬಳಗ ಕನ್ನಡಕ್ಕೆ ಅಪರಿಚಿತವೇನಲ್ಲ. ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ತ್ರಿಪದಿಗಳನ್ನು ಕೇಳಿ, ಬರೆದುಕೊಂಡು, ಆಯ್ದು 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಪುಸ್ತಕದಲ್ಲಿ ಸಂಪಾದಕರ ಹೆಸರುಗಳುಂಟು, ಕವಿಯ ಹೆಸರಿಲ್ಲ. ಒಂದು ದೃಷ್ಟಿಯಿಂದ ಅದು ಕನ್ನಡದ ದೊಡ್ಡ ಕುಕೈ. ನಿಡುಗಲ್ಲು ಸೀಮೆಯಲ್ಲಿಯೂ ರಾಗಿಕಲ್ಲಿನ ಎರಡು ಬದಿಗೆ ಕುಳಿತ ಇಬ್ಬರಲ್ಲಿ ಒಬ್ಬಳು ಎತ್ತಿಕೊಂಡ ಪದವನ್ನು ಇನ್ನೊಬ್ಬಳು ಮುಂದುವರಿಸುವ ಪರಿಪಾಠವಿತ್ತು. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲು ಮರುಕಳಿಸಿ ಮೂರು ಸಾಲು ನಾಲ್ಕಾಗುತ್ತದೆ. ಜೊತೆಯವಳು ಸೇರುವುದಕ್ಕೆ ಅಲ್ಲಿಯೇ ಎಡೆ. ತ್ರಿಪದಿ ಅಂಶಗಣದ ಬಂಧ, ಹಾಯ್ಕುವಿಗಿಂತ ಬಹಳ ಅಗಲವಾದದ್ದು. ಎರಡನ್ನೂ ಒಂದೇ ಎಂದು ಸಾಧಿಸಲು ಹೊರಡುವವರ ಉತ್ಸಾಹ ನಮಗಿಲ್ಲ. ಪದವನ್ನು ಇನ್ನೊಬ್ಬರಿಗಾಗಿ ತೆರೆದಿಡುವ ಗುಣ ಮಾತ್ರ ಎರಡರಲ್ಲಿಯೂ ಸಮಾನ. ಬೀಸುವ ಕಲ್ಲು ಮನೆಯಿಂದ ಹೊರಬಿದ್ದ ಮೇಲೆ ಆ ಎರಡನೆಯ ದನಿಯೂ ಹೋಯಿತು.

ಪಾವಗಡದ ಸುತ್ತ ಮುಕ್ಕಾಲು ಪಾಲು ಆಂಧ್ರದ ನೆಲ. ಅಲ್ಲಿ ಮನೆಮನೆಯಲ್ಲಿ ಎರಡು ಭಾಷೆ. ತೆಲುಗಿನಲ್ಲಿ ಇಸ್ಮಾಯಿಲ್ (1928–2003) ಮೊದಲಾದವರು ಹಾಯ್ಕುವನ್ನು ಚಮತ್ಕಾರದಿಂದ ಬಿಡಿಸಿ ನೋಟದ ಕಡೆಗೆ ತಿರುಗಿಸಿದ್ದಾರೆ. ತೆಲುಗು ಛಂದಸ್ಸಿಗೂ ಮಾತ್ರೆ ಗೊತ್ತು. ಗಡಿಯ ಆಚೆಯ ರೈತನೂ ಮಳೆಯನ್ನು ಕಾರ್ತೆಯೆಂದು ಇದೇ ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾನೆ. ಅವನ ಮೃಗಶಿರ ನಮ್ಮ ಮೃಗಶಿರವೇ, ಅವನ ಸ್ವಾತಿ ನಮ್ಮ ಸ್ವಾತಿಯೇ. ಎರಡು ಭಾಷೆಯ ಕವಿಗಳು ಪಾವಗಡದಲ್ಲಿ ಒಂದು ನಕ್ಷತ್ರವನ್ನು ಗೊತ್ತುಮಾಡಿಕೊಂಡು ಕಲೆತು, ಹೆಸರಿಲ್ಲದ ಚೀಟಿಗಳಲ್ಲಿ ಬರೆದು, ಒಬ್ಬರದನ್ನೊಬ್ಬರು ಆರಿಸಿ ಇಪ್ಪತ್ತು ಪುಟದ ಒಂದು ಹೊತ್ತಗೆ ತರುವುದಾದರೆ, ಅದಕ್ಕೆ ಮುನ್ನುಡಿಯಾಗಲಿ ಬೆನ್ನುಡಿಯಾಗಲಿ ಬೇಕಾಗಲಾರದು.